ಒಂದು ಪುಟದ ಆಕ್ಷೇಪಣೆ, 14 ಗುಂಟೆ ಹಳ್ಳ

ಕಾಗದ ಬರೆದರೆ ಲೇಔಟ್ ನಿಲ್ಲುತ್ತಾ ಅಂತ ಕೇಳಿದವರೇ ಜಾಸ್ತಿ. ಹೋದ ಮಳೆಗಾಲದಲ್ಲಿ ನಮ್ಮ ಹಳ್ಳ ರಸ್ತೆಯಾಗದೆ ಹಳ್ಳವಾಗಿಯೇ ಹರಿಯಿತು. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಬೆಂಗಳೂರಿನ ಅಂಚಿನ ತಾಲ್ಲೂಕು. ಏಳು ಜನ ಸೇರಿ ಸಂಘ ನೋಂದಾಯಿಸಿದ್ದು ಸುಲಭದ ಕೆಲಸ. ಆಮೇಲಿನ ಎರಡು ವರ್ಷ ವ್ಯರ್ಥ ಹೋದವು. ಭೂ ಉಪಯೋಗ ಬದಲಾವಣೆಯ ಪ್ರತಿ ಪ್ರಕಟಣೆಗೂ ಹತ್ತು ಹನ್ನೆರಡು ಪುಟ ಆಕ್ಷೇಪಣೆ ಬರೆಯುತ್ತಿದ್ದೆವು. ಅಂತರ್ಜಲ, ಹಕ್ಕಿ, ಮಕ್ಕಳ ಭವಿಷ್ಯ, ಎಲ್ಲವೂ ಅದರಲ್ಲಿ. ಕಚೇರಿಯಿಂದ ಬರುವ ಹಿಂಬರಹ ಮಾತ್ರ ಒಂದೇ ಸಾಲು. ವಕೀಲರ ನೋಟಿಸು, ಓಡಾಟ ಅಂತ ಸುಮಾರು 45 ಸಾವಿರ ರೂಪಾಯಿ ಕೈಬಿಟ್ಟಿತು. ಬೆಂಗಳೂರಿನ ಕೆರೆಗಳ ಸುತ್ತ 75 ಮೀಟರ್ ಬಫರ್, ಅಂದರೆ ಕಟ್ಟಡ ಕಟ್ಟದ ಜಾಗ, ಇರಬೇಕೆಂದು ಹಸಿರು ನ್ಯಾಯಮಂಡಳಿ 2016ರಲ್ಲಿ ಹೇಳಿತ್ತಲ್ಲ, ಅದನ್ನೇ ನೆಚ್ಚಿಕೊಂಡಿದ್ದೆವು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ನಮ್ಮಲ್ಲಿ ಇಬ್ಬರು ಸಂಘವನ್ನೇ ಬಿಟ್ಟರು.

ಆಮೇಲೆ ನಾನು ಭಾಷಣ ಬಿಟ್ಟು ಗುಂಟೆ ಹಿಡಿದೆ.

ಹನ್ನೊಂದು ಎಕರೆ ಚಿಲ್ಲರೆ ಜಮೀನನ್ನು ಕೃಷಿಯಿಂದ ವಸತಿಗೆ ಬದಲಾಯಿಸುವ ಪ್ರಕಟಣೆ ಪೇಪರಿನ ಒಳಪುಟದಲ್ಲಿ ಬಂತು. ಸರ್ವೆ ನಂಬರನ್ನು ಸರ್ಕಾರದ ಭೂನಕ್ಷೆ ಆ್ಯಪ್ ದಿಶಾಂಕ್‌ನಲ್ಲಿ ಹಾಕಿದೆ. ಮಧ್ಯದಲ್ಲೇ ಹಳ್ಳದ ಗೆರೆ. ಪಹಣಿಯಲ್ಲಿ ಖರಾಬು, ಅಂದರೆ ಸಾಗುವಳಿಗೆ ಬಾರದ ಜಾಗ, ಅಂತಷ್ಟೇ ಇತ್ತು. ಸರ್ವೆ ಇಲಾಖೆಯ ವಿಸ್ತೀರ್ಣದ ದಾಖಲೆ ಆಕಾರಬಂದ್ ತೆಗೆಸಿದರೆ 14 ಗುಂಟೆ ಬಿ ಖರಾಬು! ಬಿ ಖರಾಬು ಸಾರ್ವಜನಿಕರದು, ಅರ್ಜಿದಾರರದಲ್ಲ. ಅವರ ನಕ್ಷೆಯಲ್ಲಿ ಅದು ಇರಲೇ ಇಲ್ಲ. ಇಷ್ಟನ್ನೇ ಒಂದು ಪುಟದಲ್ಲಿ ಬರೆದು, ಹಳೆಯ ಗ್ರಾಮ ನಕಾಶೆ ಲಗತ್ತಿಸಿದೆ.

ಹಿಂದೊಮ್ಮೆ ಒಂದೇ ಬರಹವನ್ನು ಜೆರಾಕ್ಸ್ ಮಾಡಿ 30 ಸಹಿ ಹಾಕಿಸಿದ್ದೆವು. ಕಚೇರಿಯವರು ಎಲ್ಲವನ್ನೂ ಸೇರಿಸಿ ಒಂದೇ ಆಕ್ಷೇಪಣೆ ಅಂದುಬಿಟ್ಟಿದ್ದರು. ಈ ಸಲ ಹಳ್ಳದ ಕೆಳಗಿನ ರೈತರು, ಇಪ್ಪತ್ತಕ್ಕೂ ಹೆಚ್ಚು ಜನ, ತಮ್ಮ ಹೊಲಕ್ಕೆ ನೀರು ಹೇಗೆ ಬರುತ್ತದೆ ಅನ್ನುವುದನ್ನು ತಾವೇ ಬರೆದರು. ಪ್ರತಿಯೊಂದಕ್ಕೂ ಕಚೇರಿಯ ಟಪಾಲು ವಿಭಾಗದಲ್ಲಿ ಬೇರೆ ಬೇರೆ ಸ್ವೀಕೃತಿ ಪಡೆದೆವು. ಮಾಹಿತಿ ಹಕ್ಕಿನ 10 ರೂಪಾಯಿ ಅರ್ಜಿಗಳನ್ನೂ ಹಾಕಿದೆವು. ಯಾವ ಕಡತವನ್ನು ಮೊದಲು ಕೇಳಬೇಕು ಅನ್ನುವುದನ್ನು ಇಲ್ಲಿ ಹೇಳಲಾರೆ. ಲೇಔಟಿನವರೂ ಓದುತ್ತಾರೆ, ಅಲ್ವಾ?

ಮಧ್ಯೆ ಒಂದು ಡ್ರೋನ್ ಪ್ರಯೋಗವನ್ನೂ ಮಾಡಿದೆ. ಬಾಡಿಗೆ ಒಂಬತ್ತು ಸಾವಿರ. ಹೊಂಗೆ ಮರಗಳ ಕೆಳಗೆ ಹಳ್ಳ ಕಾಣಲೇ ಇಲ್ಲ. ಕೊನೆಗೆ ಕೆಲಸಕ್ಕೆ ಬಂದದ್ದು ಬಣ್ಣದ ಡಬ್ಬಿ. ಜೋರು ಮಳೆಯ ಮಾರನೇ ಬೆಳಿಗ್ಗೆ, ಕಸಕಡ್ಡಿ ಸಿಕ್ಕಿಕೊಂಡ ಎತ್ತರಕ್ಕೆ ಬಂಡೆಗಳ ಮೇಲೆ ಕೆಂಪು ಗೆರೆ ಎಳೆದೆ. ಕೆಲವು ಕಡೆ ಮೊಣಕಾಲಿಗಿಂತ ಮೇಲಿತ್ತು. ಸ್ಥಳ ಮಹಜರಿಗೆ ಬಂದ ಅಧಿಕಾರಿಗಳು ಅಲ್ಲೇ ನಿಂತು ಅಳತೆ ಬರೆದುಕೊಂಡರು. ಇಲ್ಲಿ ನೀರೇ ಬರುವುದಿಲ್ಲ ಎನ್ನುತ್ತಿದ್ದವರು ಆಮೇಲೆ ಮಾತಾಡಲಿಲ್ಲ.

ಜಂಟಿ ಸರ್ವೆಯಾಯಿತು, ಕಲ್ಲು ನೆಟ್ಟರು. 14 ಗುಂಟೆಯನ್ನೂ ಎರಡೂ ದಡದ ಅಂಚನ್ನೂ ಬಿಟ್ಟು ಲೇಔಟಿನವರು ಹೊಸ ನಕ್ಷೆ ಕೊಡಬೇಕಾಯಿತು. ಉಳಿದ ಜಾಗದಲ್ಲಿ ಮನೆಗಳು ಬರುತ್ತವೆ, ಬರಲಿ. ಅದಕ್ಕೆ ನಮ್ಮ ತಕರಾರಿಲ್ಲ. ಡ್ರೋನ್ ಬಿಟ್ಟರೆ ಒಟ್ಟು ಖರ್ಚು ಆರು ಸಾವಿರದ ಆಸುಪಾಸು. ನಕಲು ಪ್ರತಿ, ಜೆರಾಕ್ಸ್, ಪೆಟ್ರೋಲಿಗೆ ಹೋದದ್ದೇ ಹೆಚ್ಚು.

ಹೋದ ವಾರ ಗೋಮಾಳದ ಪಕ್ಕದ ಆರು ಎಕರೆಗೆ ಪ್ರಕಟಣೆ ಬಂದಿದೆ. ಅದರ ಆಕಾರಬಂದ್ ಪ್ರತಿ ಆಗಲೇ ನನ್ನ ಕೈಯಲ್ಲಿದೆ. ಬಿಟ್ಟುಹೋಗಿದ್ದ ಇಬ್ಬರಲ್ಲಿ ಒಬ್ಬರು ಮೊನ್ನೆ ಫೋನ್ ಮಾಡಿ, ಬಣ್ಣ ನಾನು ತರುತ್ತೇನೆ ಅಂದರು.