ಹುಣಸೆ-ಜೋನಿ ಬೆಲ್ಲದ ಲೇಪ ಹಚ್ಚಿ ಓವನ್ನಿನಲ್ಲಿ ಬೇಯಿಸಿದ ಕೋಳಿ: ನನ್ನ ಅನುಭವ

ಓವನ್ನಿನಲ್ಲಿ ಬೇಯಿಸುವ ಕೋಳಿಯ ಸಿಹಿ-ಹುಳಿ ಲೇಪಕ್ಕೆ ಜೇನುತುಪ್ಪ, ಸೋಯಾ ಸಾಸ್, ವಿನೆಗರ್ ಬಳಸುವವರೇ ಹೆಚ್ಚು. ನಾನು ಹುಣಸೆಹಣ್ಣನ್ನೂ ಶಿರಸಿ ಕಡೆಯ ಜೋನಿ ಬೆಲ್ಲವನ್ನೂ (ಅಚ್ಚಾಗಿಸದ, ದ್ರವರೂಪದ ಬೆಲ್ಲ) ಬಳಸುತ್ತೇನೆ. ಹುಳಿ, ಸಿಹಿ, ಖಾರಗಳನ್ನು ಒಟ್ಟಿಗೆ ಕುದಿಸಿ ಗಟ್ಟಿ ಮಾಡುವ ಗೊಜ್ಜಿನ ಹದ ನಮ್ಮ ಕೈಗೆ ಮೊದಲೇ ಗೊತ್ತಿದೆ; ಜೊತೆಗೆ, ಕುದಿಸಿದಾಗ ವಿನೆಗರಿನ ಹುಳಿ ಸ್ವಲ್ಪ ಹಾರಿಹೋಗುತ್ತದೆ, ಹುಣಸೆಯ ಹುಳಿ ಹಾಗೆಯೇ ನಿಲ್ಲುತ್ತದೆ.

ಒಂದು ಕಿಲೋ ತೊಡೆ ಸಹಿತವಾದ ಕಾಲುಗಳನ್ನು ಚರ್ಮ ತೆಗೆಯದೆ ಕೊಡುವಂತೆ ಅಂಗಡಿಯಲ್ಲಿ ಮೊದಲೇ ಹೇಳಬೇಕು. ಬಟ್ಟೆಯಿಂದ ಒರೆಸಿ, ಎರಡು ಟೀ ಚಮಚ ಉಪ್ಪು ಮತ್ತು ಕಾಳುಮೆಣಸಿನ ಪುಡಿ ಸವರಿ, ರಾತ್ರಿಯಿಡೀ ಫ್ರಿಜ್ಜಿನ ಕೆಳಗಿನ ಅಂತಸ್ತಿನಲ್ಲಿ ಮುಚ್ಚದೆ ಇಡುತ್ತೇನೆ. ಮೇಲ್ಮೈ ಹೀಗೆ ಒಣಗಿದರೆ ಮಾತ್ರ ಚರ್ಮ ಗರಿಗರಿಯಾಗುತ್ತದೆ. ಶುಂಠಿ-ಬೆಳ್ಳುಳ್ಳಿ ಪೇಸ್ಟನ್ನು ಚರ್ಮದ ಮೇಲೆ ಹಚ್ಚುವುದಿಲ್ಲ; ಬೆರಳು ತೂರಿಸಿ ಚರ್ಮವನ್ನು ಮೆಲ್ಲಗೆ ಬಿಡಿಸಿ, ಅದರಡಿಯ ಮಾಂಸಕ್ಕೆ ಸವರುತ್ತೇನೆ. ಅಲ್ಲಿ ಅದು ಸೀಯುವುದಿಲ್ಲ, ಘಮವೂ ಒಳಗೇ ಉಳಿಯುತ್ತದೆ.

ಲೇಪಕ್ಕೆ ಅರ್ಧ ಕಪ್ ಗಟ್ಟಿ ಹುಣಸೆರಸ, ಅರ್ಧ ಕಪ್ ಜೋನಿ ಬೆಲ್ಲ, ನಾಲ್ಕು ಎಸಳು ಬೆಳ್ಳುಳ್ಳಿಯೊಂದಿಗೆ ನುಣ್ಣಗೆ ರುಬ್ಬಿದ ಐದಾರು ನೆನೆಸಿದ ಬ್ಯಾಡಗಿ ಮೆಣಸಿನಕಾಯಿ, ರುಚಿಗೆ ಉಪ್ಪು, ಒಂದು ಚಮಚ ತುಪ್ಪ ಸಾಕು. ಬ್ಯಾಡಗಿಯಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ; ಇಲ್ಲಿ ಬೇಕಾದುದೂ ಅದೇ. ಸಣ್ಣ ಉರಿಯಲ್ಲಿ ಕುದಿಯುತ್ತ ಬಂದಂತೆ ಮೊದಲಿನ ದೊಡ್ಡ ಗುಳ್ಳೆಗಳು ಚಿಕ್ಕವಾಗಿ ಒತ್ತೊತ್ತಾಗುತ್ತವೆ, ಹಸಿ ಹುಣಸೆಯ ವಾಸನೆ ಹೋಗುತ್ತದೆ, ಸೌಟಿನಿಂದ ತಳದಲ್ಲಿ ಗೆರೆ ಎಳೆದರೆ ಅದು ಕ್ಷಣಕಾಲ ನಿಂತು ಆಮೇಲೆ ಕೂಡಿಕೊಳ್ಳುತ್ತದೆ. ಆರಿದಾಗ ಇನ್ನಷ್ಟು ಗಟ್ಟಿಯಾಗುವುದರಿಂದ ಅಷ್ಟಕ್ಕೇ ಒಲೆ ಆರಿಸಬೇಕು. ಊಟಕ್ಕೆ ಬಡಿಸಲು ಬೇಕಾದ ಪಾಲನ್ನು ಆಗಲೇ ಬೇರೆ ಬಟ್ಟಲಿಗೆ ತೆಗೆದಿಡಬೇಕು, ಏಕೆಂದರೆ ಬೇಯುತ್ತಿರುವ ಕೋಳಿಗೆ ತಾಗಿದ ಬ್ರಷ್ ಅದಕ್ಕೆ ಮತ್ತೆ ಮುಟ್ಟಬಾರದು.

ಈ ಅಡುಗೆಯಲ್ಲಿ ನಾನು ಎಂದೂ ಬಿಟ್ಟುಕೊಡದ ನಿಯಮವೆಂದರೆ ಸಿಹಿ ಕೊನೆಗೆ ಬರಬೇಕು ಎಂಬುದು. ಕಾಲುಗಳು ಬೇಯಲು ಮುಕ್ಕಾಲು ಗಂಟೆ ಬೇಕು. 200 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಬೆಲ್ಲ ಅಷ್ಟು ಹೊತ್ತು ತಾಳದೆ ಕಪ್ಪಾಗಿ ಕಹಿಯಾಗುತ್ತದೆ. ಆದ್ದರಿಂದ ಮೊದಲೇ ಕಾಯಿಸಿದ ಓಟಿಜಿಯಲ್ಲಿ (ಓವನ್-ಟೋಸ್ಟರ್-ಗ್ರಿಲ್), ಟ್ರೇಯ ಮೇಲಿಟ್ಟ ಜಾಲರಿಯಲ್ಲಿ ಚರ್ಮ ಮೇಲಾಗಿ ಜೋಡಿಸಿ, ಅರ್ಧ ಗಂಟೆ ಏನನ್ನೂ ಹಚ್ಚದೆ ಬೇಯಿಸುತ್ತೇನೆ. ಕೊಬ್ಬು ಕರಗಿ ಟ್ರೇಗೆ ಇಳಿದು ಚರ್ಮ ಹೊಂಬಣ್ಣಕ್ಕೆ ತಿರುಗಿದ ಮೇಲೆ, ಐದೈದು ನಿಮಿಷಗಳ ಅಂತರದಲ್ಲಿ ಮೂರು ಸಲ ತೆಳುವಾಗಿ ಲೇಪ ಸವರುತ್ತೇನೆ. ಒಂದೇ ಸಲ ದಪ್ಪಗೆ ಹಚ್ಚಿದರೆ ಅದು ಜಾರಿ ಟ್ರೇ ಸೇರುತ್ತದೆ; ತೆಳುವಾದ ಪದರ ಒಣಗಿ ಅಂಟಿಕೊಂಡು ಮುಂದಿನದನ್ನು ಹಿಡಿದುಕೊಳ್ಳುತ್ತದೆ.

ಕೋಳಿಯ ಒಳಭಾಗ 74 ಡಿಗ್ರಿ ಮುಟ್ಟಿದರೆ ತಿನ್ನಲು ಸುರಕ್ಷಿತ. ತೊಡೆಯನ್ನು ಮಾತ್ರ ನಾನು 82 ಡಿಗ್ರಿಯವರೆಗೆ ಬಿಡುತ್ತೇನೆ, ಅಲ್ಲಿನ ನಾರು ಕರಗಿ ಮಾಂಸ ಮೂಳೆಯಿಂದ ಸಲೀಸಾಗಿ ಬಿಡುವುದು ಆಗಲೇ. ಥರ್ಮಾಮೀಟರಿನ ಮೊನೆ ಮೂಳೆಗೆ ತಾಗದಂತೆ ದಪ್ಪ ಭಾಗದಲ್ಲಿ ಚುಚ್ಚಬೇಕು. ಹೊರತೆಗೆದ ಮೇಲೆ ಹತ್ತು ನಿಮಿಷ ಮುಟ್ಟದಿದ್ದರೆ ರಸ ಒಳಗೇ ನಿಲ್ಲುತ್ತದೆ, ಲೇಪವೂ ಹೊಳಪಾಗಿ ಕೂರುತ್ತದೆ. ಚರ್ಮ ತೆಗೆದ ತುಂಡುಗಳೇ ಸಿಕ್ಕಿದ್ದರೆ ಮೊದಲು ಎಣ್ಣೆ ಸವರಿ, ಬರಿದೇ ಬೇಯಿಸುವ ಅವಧಿಯನ್ನು ಐದು ನಿಮಿಷ ಕಡಿಮೆ ಮಾಡಿಕೊಳ್ಳಬಹುದು.