ಕೇಕಿನ ತಳಕ್ಕೆ ಯಾವ ಕಾಗದ?

ನಮ್ಮ ಮನೆ ಬದಿಯಡ್ಕದ ಹತ್ತಿರ. ತೋಟದಲ್ಲಿ ನೇಂದ್ರ ಬಾಳೆ ಇದೆ. ಗೊನೆ ಒಟ್ಟಿಗೇ ಹಣ್ಣಾದರೆ ಎಷ್ಟು ಅಂತ ತಿನ್ನುವುದು? ಹಾಗೆ ಶುರುವಾಯಿತು ನನ್ನ ಬಾಳೆಹಣ್ಣಿನ ಕೇಕ್.

ಮೊದಲ ಸಲ ಅಂಗಡಿಯಲ್ಲಿ "ಬಟರ್ ಪೇಪರ್ ಕೊಡಿ" ಅಂದೆ. ಕೊಟ್ಟರು. ಟಿನ್ನಿನ ತಳಕ್ಕೂ ಬದಿಗೂ ಹಾಸಿ, ಹಿಟ್ಟು ಹೊಯ್ದು, 180 ಡಿಗ್ರಿಗೆ ಓವನ್‌ನಲ್ಲಿಟ್ಟೆ. ಹತ್ತು ನಿಮಿಷ ಆಗಿರಬೇಕು, ಮೇಣದಬತ್ತಿ ಆರಿಸಿದಾಗ ಬರುವಂಥ ವಾಸನೆ. ನೋಡಿದರೆ ಟಿನ್ನಿಂದ ಮೇಲೆ ಚಾಚಿದ್ದ ಕಾಗದದ ಅಂಚು ಹೊಗೆಯಾಡುತ್ತಿತ್ತು. ಕೇಕ್ ಬೆಂದಿತು, ಆದರೆ ಕಾಗದ ತಳಕ್ಕೆ ಅಂಟಿಕೊಂಡು ಚೂರುಚೂರಾಗಿ ಬಂತು. ಅಷ್ಟು ಹಣ್ಣು, ಬೆಣ್ಣೆ ಹಾಳಾಯಿತಲ್ಲಾ ಅಂತ ತುಂಬಾ ಬೇಜಾರಾಯಿತು.

ಆಮೇಲೆ ಗೊತ್ತಾಯಿತು, ಅದು ಮೇಣ ಸವರಿದ ಕಾಗದ, ವ್ಯಾಕ್ಸ್ ಪೇಪರ್. ಓವನ್‌ಗೆ ಬೇಕಾದದ್ದು ಪಾರ್ಚ್‌ಮೆಂಟ್ ಪೇಪರ್. ನಮ್ಮ ಅಂಗಡಿಗಳಲ್ಲಿ ಎರಡಕ್ಕೂ ಬಟರ್ ಪೇಪರ್ ಅಂತಲೇ ಹೇಳುತ್ತಾರೆ, ಅದೇ ತೊಂದರೆ. ಮೇಣ 60 ಡಿಗ್ರಿ ಆಸುಪಾಸಿನಲ್ಲೇ ಕರಗುತ್ತದೆ. ಹಸಿ ಹಿಟ್ಟು ಮುಚ್ಚಿರುವ ಕಡೆ ಶಾಖ ಅಷ್ಟು ಏರುವುದಿಲ್ಲ, ಹಾಗಾಗಿ ಅಲ್ಲಿ ಕಾಗದ ಸುಡುವುದಿಲ್ಲ. ಆದರೆ ಮೇಣ ಮಾತ್ರ ಕರಗಿ ಕೇಕಿಗೆ ಇಳಿಯುತ್ತದೆ. ಹೊರಗಿರುವ ಅಂಚು ಹೊಗೆಯಾಡುತ್ತದೆ, ಬೆಂಕಿಯೂ ಹಿಡಿಯಬಹುದು. ಪಾರ್ಚ್‌ಮೆಂಟಿಗೆ ಸಿಲಿಕೋನ್ ಲೇಪ ಇರುತ್ತದೆ. ಸುಮಾರು 220 ಡಿಗ್ರಿಯವರೆಗೆ ಏನೂ ಆಗುವುದಿಲ್ಲ. ಡಬ್ಬಿಯ ಮೇಲೆ ಎಷ್ಟು ಡಿಗ್ರಿ ಅಂತ ಬರೆದಿರುತ್ತದೆ, ನೋಡಿಯೇ ತೆಗೆದುಕೊಳ್ಳಿ.

ಬಿಡಿ ಹಾಳೆ ಕೊಟ್ಟರೆ ನಾನು ಉಗುರಿನಿಂದ ಗೀರಿ ನೋಡುತ್ತೇನೆ. ಮೇಣದ್ದಾದರೆ ಬಿಳಿ ಗೆರೆ ಬೀಳುತ್ತದೆ, ಉಗುರಿಗೆ ಜಿಡ್ಡಿನ ಪುಡಿ ಹತ್ತುತ್ತದೆ. ಆಮೇಲೂ ಅನುಮಾನ ಇದ್ದರೆ ಓವನ್‌ಗೆ ಇಡುವುದೇ ಇಲ್ಲ.

ಹಾಗಂತ ಮೇಣದ ಕಾಗದ ಬಿಸಾಡಬೇಡಿ. ಹಲಸಿನ ಹಣ್ಣಿನ ಹಲ್ವ ಪೂರ್ತಿ ತಣಿದ ಮೇಲೆ ತುಂಡು ಮಾಡಿ ಸುತ್ತಿಡಲು ಅದೇ ಚಂದ. ಒಂದಕ್ಕೊಂದು ಅಂಟುವುದಿಲ್ಲ, ಪಾರ್ಚ್‌ಮೆಂಟಿಗಿಂತ ಅಗ್ಗವೂ ಹೌದು. ಬಿಸಿ ಕಾಯಿ ಬರ್ಫಿ ಮಾತ್ರ ಅದರ ಮೇಲೆ ಸುರಿಯಬೇಡಿ.

ಒಂದು ದಿನ ಪಾರ್ಚ್‌ಮೆಂಟ್ ಮುಗಿದಿತ್ತು. ಅತ್ತೆ ಕೇಳಿದರು, "ಹಬೆಯಲ್ಲಿ ಬೇಯಿಸುವ ಕೊಟ್ಟಿಗೆ ಕಡುಬಿಗೆ ಬಾಳೆಲೆ ಆಗುತ್ತದೆ, ಇದಕ್ಕೆ ಯಾಕೆ ಆಗುವುದಿಲ್ಲ?" ಹೌದಲ್ವಾ! ಎಲೆಯ ದಿಂಡು ತೆಗೆದು, ಬೆಂಕಿಯಲ್ಲಿ ಬಾಡಿಸಿ, ತುಪ್ಪ ಸವರಿ ತಳಕ್ಕೆ ಹಾಸಿದೆ. ಅಂಚು ಟಿನ್ನಿನ ಮಟ್ಟಕ್ಕೇ ಕತ್ತರಿಸಿದೆ, ಮೇಲೆ ಬಂದರೆ ಕರಟುತ್ತದೆ. ಕೇಕ್ ಸಲೀಸಾಗಿ ಬಿಟ್ಟಿತು, ಘಮವೂ ಬಂತು. ತಳದಲ್ಲಿ ಎಲೆಯ ಗೆರೆ ಮೂಡುತ್ತದೆ, ಸ್ವಲ್ಪ ಕಂದು ಬಣ್ಣವೂ ಹತ್ತುತ್ತದೆ. ಅದಕ್ಕೆ ಬೇರೆಯವರಿಗೆ ಕೊಡುವ ಕೇಕಿಗೆ ಪಾರ್ಚ್‌ಮೆಂಟ್ ಹಾಕುತ್ತೇನೆ. ಮನೆಯವರಿಗೆ ಬಾಳೆಲೆಯದ್ದೇ ಬೇಕು.