ಪಾಸ್‌ವರ್ಡ್ ಕೇಳುವ ಕರೆ, ಬಿಚ್ಚಿಟ್ಟ ಡಿಸ್ಕ್: ಸಣ್ಣ ಕಚೇರಿಗಳಲ್ಲಿ ನಾನು ಮಾಡುವ ವ್ಯವಸ್ಥೆ

2025ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಮಾರ್ಕ್ಸ್ ಆ್ಯಂಡ್ ಸ್ಪೆನ್ಸರ್ ಕಂಪನಿಯೊಳಗೆ ಹ್ಯಾಕರ್‌ಗಳು ಹೊಕ್ಕದ್ದು ಇನ್ನೊಬ್ಬರ ಸೋಗಿನಲ್ಲಿ. ಅದರಲ್ಲಿ ಹೊರಗಿನ ಸೇವಾಸಂಸ್ಥೆಯೊಂದರ ನಂಟೂ ಇತ್ತು ಎಂದು ಕಂಪನಿಯ ಅಧ್ಯಕ್ಷರೇ ಸಂಸತ್ತಿನ ಸಮಿತಿಗೆ ಹೇಳಿದರು. ಆನ್‌ಲೈನ್ ವ್ಯಾಪಾರ ಆರು ವಾರಕ್ಕೂ ಹೆಚ್ಚು ನಿಂತಿತು. ಲಾಭಕ್ಕೆ ಬೀಳುವ ಹೊಡೆತ ಸುಮಾರು 30 ಕೋಟಿ ಪೌಂಡ್ ಎಂದು ಕಂಪನಿ ಅಂದಾಜಿಸಿತು. ಈ ದಾಳಿಯೊಡನೆ ಕೇಳಿಬಂದ ಸ್ಕ್ಯಾಟರ್ಡ್ ಸ್ಪೈಡರ್ ಗುಂಪಿನಲ್ಲಿ ಹೆಚ್ಚಿನವರು ಹದಿಹರೆಯದವರು ಅಥವಾ ಇಪ್ಪತ್ತರ ಆಸುಪಾಸಿನವರು, ಇಂಗ್ಲಿಷ್ ಮಾತೃಭಾಷೆಯವರು. ಕಂಪನಿಯ ಕಂಪ್ಯೂಟರ್ ಸಹಾಯ ವಿಭಾಗಕ್ಕೆ (ಹೆಲ್ಪ್‌ಡೆಸ್ಕ್) ಕರೆ ಮಾಡಿ, ನೌಕರರಂತೆ ಮಾತಾಡಿ ಪಾಸ್‌ವರ್ಡ್ ಬದಲಿಸಿಕೊಳ್ಳುವುದು ಅವರ ಕೈಪಳಗಿದ ವಿದ್ಯೆ.

ಕಾಸರಗೋಡು ಕಡೆಯ ಕುಂಬಳೆ, ಬದಿಯಡ್ಕ, ಮುಳ್ಳೇರಿಯದ ಅಡಿಕೆ ಮಂಡಿಗೋ ಸೊಸೈಟಿಗೋ ಇದರಿಂದ ಏನು ಎಂದು ಕೇಳುವವರುಂಟು. 2024ರ ಜುಲೈ ಕೊನೆಯಲ್ಲಿ ಸಿ-ಎಡ್ಜ್ ಎಂಬ ತಂತ್ರಜ್ಞಾನ ಸಂಸ್ಥೆಗೆ ಕಡತಗಳನ್ನು ಲಾಕ್ ಮಾಡಿ ಹಣ ಕೇಳುವ ಸಾಫ್ಟ್‌ವೇರ್, ಅಂದರೆ ರ‍್ಯಾನ್ಸಮ್‌ವೇರ್ ಬಡಿದಾಗ ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಪಾವತಿ ವ್ಯವಸ್ಥೆ ಸ್ತಬ್ಧವಾಯಿತು. ಅವುಗಳಲ್ಲಿ ಸಹಕಾರಿ ಬ್ಯಾಂಕುಗಳೂ ಇದ್ದವು.

ನಾನು ಮೊದಲು ಮಾಡಿಸುವುದು ಕರೆಯ ನಿಯಮ. ಪಾಸ್‌ವರ್ಡ್ ಬದಲಿಸಲು, ಒಟಿಪಿ ಹೇಳಲು, ದೂರದಿಂದ ನಮ್ಮ ಕಂಪ್ಯೂಟರ್ ನಡೆಸಲು ಬಿಡುವ ಎನಿಡೆಸ್ಕ್ ತೆರೆಯಲು ಯಾರು ಫೋನ್ ಮಾಡಿದರೂ ಕರೆ ಕಡಿಯಬೇಕು. ಮೇಜಿನ ಗಾಜಿನಡಿ ಬರೆದಿಟ್ಟ ನಂಬರಿಗೆ ನಾವೇ ತಿರುಗಿ ಕರೆ ಮಾಡಬೇಕು. ನಮ್ಮಲ್ಲಿ ಒಂದೇ ಕೌಂಟರಿನಲ್ಲಿ ಕನ್ನಡ, ಮಲಯಾಳ, ತುಳು ಓಡುತ್ತವೆ. ಕರೆ ಮಾಡಿದವನು ಊರಿನ ಧಾಟಿಯಲ್ಲೇ ಮಾತಾಡಿದರೆ ಸಿಬ್ಬಂದಿಗೆ ನಂಬಿಕೆ ಬರುತ್ತದೆ. ಆದರೆ ಭಾಷೆ ಗುರುತಿನ ಚೀಟಿ ಅಲ್ಲ, ನಂಬರಿನ ಮೇಲೆ ಕಾಣುವ ಹೆಸರೂ ಅಲ್ಲ. ಲೆಕ್ಕದ ಸಾಫ್ಟ್‌ವೇರ್ ಸರಿಮಾಡುವವರು ಎನಿಡೆಸ್ಕ್‌ಗೆ ಕಾಯಂ ಪಾಸ್‌ವರ್ಡ್ ಇಟ್ಟು ಹೋಗಿರುತ್ತಾರೆ. ಅದನ್ನು ತೆಗೆದುಹಾಕಿ, ಬೇಕಾದಾಗ ಮಾತ್ರ ಒಳಗಿನವರು ಒಪ್ಪಿಗೆ ಕೊಡುವಂತೆ ಇಡುತ್ತೇನೆ.

ರೂಟರಿನಲ್ಲಿ 3389 ಪೋರ್ಟ್, ಅಂದರೆ ವಿಂಡೋಸಿನ ರಿಮೋಟ್ ಡೆಸ್ಕ್‌ಟಾಪಿನ ಬಾಗಿಲು, ಹೊರಗೆ ತೆರೆದಿದ್ದರೆ ಮುಚ್ಚಲೇಬೇಕು. ನಂಬರ್ ಬದಲಿಸಿದರೆ ಸಾಲದು, ಹ್ಯಾಕರ್‌ಗಳ ಸ್ಕ್ಯಾನರ್ ಪ್ರೋಗ್ರಾಮ್‌ಗಳು ಎಲ್ಲ ಪೋರ್ಟನ್ನೂ ತಡಕುತ್ತವೆ. ಮನೆಯಿಂದ ಕೆಲಸ ಮಾಡುವವರಿಗೆ ವಿಪಿಎನ್ ಎಂಬ ಗುಪ್ತ ಸಂಪರ್ಕ, ಅದಕ್ಕೆ ಪಾಸ್‌ವರ್ಡಿನ ಮೇಲೆ ಎರಡನೆಯ ದೃಢೀಕರಣ ಕೇಳುವ ಆಥೆಂಟಿಕೇಟರ್ ಆ್ಯಪ್. 2021ರಲ್ಲಿ ಅಮೆರಿಕದ ಇಂಧನ ಕೊಳವೆಮಾರ್ಗ ಕಲೋನಿಯಲ್ ಪೈಪ್‌ಲೈನ್ ನಿಂತದ್ದು ಎರಡನೆಯ ದೃಢೀಕರಣವಿಲ್ಲದ ಹಳೆಯ ವಿಪಿಎನ್ ಖಾತೆಯೊಂದರ ಮೂಲಕ ಹ್ಯಾಕರ್‌ಗಳು ನುಗ್ಗಿದ್ದರಿಂದ. ಬರೇ ‘ಒಪ್ಪಿಗೆ’ ಒತ್ತುವ ನೋಟಿಫಿಕೇಶನ್ ಬೇಡ, ಪರದೆಯ ಅಂಕೆ ನೋಡಿ ಟೈಪಿಸುವ ಬಗೆಯದೇ ಆಗಬೇಕು. 2022ರಲ್ಲಿ ಊಬರ್‌ಗೆ ನುಗ್ಗಿದವನು ಗುತ್ತಿಗೆ ಕೆಲಸಗಾರನೊಬ್ಬನ ಫೋನಿಗೆ ಬೇಸರ ಬರುವಷ್ಟು ಸಲ ಒಪ್ಪಿಗೆ ಕೋರಿಕೆ ಕಳಿಸಿದ್ದ.

ಇನ್ನು ಬ್ಯಾಕಪ್. ಹೆಚ್ಚಿನ ಸಮಯ ಹೋಗುವುದು ಇಲ್ಲೇ, ಹೋಗಬೇಕಾದ್ದೂ ಇಲ್ಲೇ. ಐದಾರು ಕಂಪ್ಯೂಟರಿನ ಕಚೇರಿಗೆ 1 ಟಿಬಿಯ ಮೂರು ಹಾರ್ಡ್ ಡಿಸ್ಕ್ ಸಾಕು. ಎರಡನ್ನು ವಾರ ಬಿಟ್ಟು ವಾರ ಬದಲಿಸಿ ಬಳಸುವುದು. ಮೂರನೆಯದಕ್ಕೆ ತಿಂಗಳ ಕೊನೆಯ ನಕಲು, ಅದು ಬೇರೆ ಕಟ್ಟಡದಲ್ಲಿ. ಸಿಡಿಲಿಗೆ ಮೋಡೆಮ್ ವೈರು ಕಳಚಿಡುವ ಹಾಗೆ, ನಕಲು ಮುಗಿದ ಕೂಡಲೇ ಡಿಸ್ಕ್ ಕಳಚಬೇಕು. ಚುಚ್ಚಿಯೇ ಬಿಟ್ಟ ಡಿಸ್ಕನ್ನು ರ‍್ಯಾನ್ಸಮ್‌ವೇರ್ ಮೂಲ ಕಡತದ ಜತೆಗೇ ಲಾಕ್ ಮಾಡುತ್ತದೆ, ವಿಂಡೋಸ್ ತಾನೇ ಮಾಡಿಟ್ಟ ಹಳೆಯ ನಕಲುಗಳನ್ನು (ಶ್ಯಾಡೋ ಕಾಪಿ) ಅಳಿಸುತ್ತದೆ. ವರ್ಷಗಟ್ಟಲೆ ಕರೆಂಟಿಲ್ಲದೆ ಎತ್ತಿಡಲು ಚಿಪ್ಪಿನ ಡಿಸ್ಕ್ ಆದ ಎಸ್‌ಎಸ್‌ಡಿ ಸೂಕ್ತವಲ್ಲ. ನಮ್ಮ ಮಳೆಗಾಲಕ್ಕೆ ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಇರಲಿ.

ಇಲ್ಲಿ ಕೈಕೊಡುವ ಸಂಗತಿಗಳು ಕೆಲವುಂಟು. ವಿಂಡೋಸಿನ ನಕಲು ಸಾಧನ ರೋಬೋಕಾಪಿಯ ಮಿರರ್ ಆಯ್ಕೆ ಲಾಕ್ ಆದ ಕಡತವನ್ನು ಒಳ್ಳೆಯ ನಕಲಿನ ಮೇಲೆಯೇ ಬರೆಯುತ್ತದೆ, ಆದ್ದರಿಂದ ತಾರೀಕಿನ ಹೆಸರಿನ ಹೊಸ ಫೋಲ್ಡರ್ ಮಾಡಿಸುತ್ತೇನೆ. ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ ತೆರೆದಿರುವಾಗ ಡೇಟಾ ಫೋಲ್ಡರ್ ನಕಲಿಸಿದರೆ ಅರ್ಧಂಬರ್ಧ ಕಡತ ಸಿಗಬಹುದು, ಮೊದಲು ಎಲ್ಲ ಕಂಪ್ಯೂಟರಿನಲ್ಲೂ ಮುಚ್ಚಬೇಕು. ಗೂಗಲ್ ಡ್ರೈವಿನಂಥ ಆನ್‌ಲೈನ್ ಜಾಗಕ್ಕೆ ಕಡತ ತಾನಾಗಿ ಹೋಗುವ ಸಿಂಕ್ ಬ್ಯಾಕಪ್ ಅಲ್ಲ, ಲಾಕ್ ಆದದ್ದೂ ಸಿಂಕ್ ಆಗುತ್ತದೆ. ತಿಂಗಳಿಗೊಮ್ಮೆ ಬೇರೆ ಲ್ಯಾಪ್‌ಟಾಪಿನಲ್ಲಿ ನಕಲನ್ನು ತೆರೆದು, ನಕಲು ಮಾಡಿದ ದಿನವೇ ಪ್ರಿಂಟ್ ಮಾಡಿಟ್ಟ ಟ್ರಯಲ್ ಬ್ಯಾಲೆನ್ಸಿಗೆ (ಎಲ್ಲ ಖಾತೆಗಳ ಬಾಕಿಯ ಪಟ್ಟಿ) ತಾಳೆ ಹಾಕದ ಹೊರತು ಅದನ್ನು ನಾನು ಬ್ಯಾಕಪ್ ಎಂದು ಒಪ್ಪುವುದಿಲ್ಲ.

ದಿನದ ಕೆಲಸಕ್ಕೆ ಅಡ್ಮಿನ್ ಖಾತೆ ಕೊಡುವುದಿಲ್ಲ. ವಿಂಡೋಸಿನ ರಕ್ಷಣಾ ಸಾಫ್ಟ್‌ವೇರ್ ಡಿಫೆಂಡರಿನಲ್ಲಿ, ಗೊತ್ತಿಲ್ಲದ ಪ್ರೋಗ್ರಾಮ್ ಫೋಲ್ಡರ್ ಮುಟ್ಟದಂತೆ ತಡೆಯುವ ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್ ಹಾಕಿದರೆ ಕೆಲವು ಸಾಫ್ಟ್‌ವೇರ್‌ಗಳು ತಡೆಗೆ ಸಿಗುತ್ತವೆ. ಗಾಬರಿಯಾಗಿ ರಕ್ಷಣೆಯನ್ನೇ ಆಫ್ ಮಾಡದೆ, ಆ ಪ್ರೋಗ್ರಾಮಿಗೆ ಮಾತ್ರ ಅನುಮತಿ ಕೊಡಿ.

ದಾಳಿ ಆಗಿಯೇ ಬಿಟ್ಟರೆ ಮೊದಲು ನೆಟ್‌ವರ್ಕ್ ಕೇಬಲ್ ಕಳಚಿ, ವೈಫೈ ಆರಿಸಿ. ಕಂಪ್ಯೂಟರನ್ನು ಶಟ್‌ಡೌನ್ ಮಾಡಬೇಡಿ, ತನಿಖೆಗೆ ಬೇಕಾದ ಸುಳಿವು ಮೆಮೊರಿಯಲ್ಲಿರಬಹುದು. ಪರದೆಯ ಸಂದೇಶದ ಫೋಟೊ ತೆಗೆಯಿರಿ. ದೇಶದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ಗೆ 6 ಗಂಟೆಯೊಳಗೆ ವರದಿ ಮಾಡಬೇಕೆಂಬುದು 2022ರ ನಿರ್ದೇಶನ, ಹಣ ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930. ಲಾಕ್ ಆದ ಡಿಸ್ಕನ್ನು ಫಾರ್ಮ್ಯಾಟ್ ಮಾಡದೆ ಎತ್ತಿಟ್ಟು, ಹೊಸ ಡಿಸ್ಕಿಗೆ ವಿಂಡೋಸ್ ಹಾಕಿ. ಯುರೋಪಿನ ಪೊಲೀಸ್ ಸಂಸ್ಥೆ ಯುರೋಪೋಲ್ ಸೇರಿ ನಡೆಸುವ ‘ನೋ ಮೋರ್ ರ‍್ಯಾನ್ಸಮ್’ ತಾಣದಲ್ಲಿ ಕೆಲವು ಬಗೆಯ ಲಾಕಿಗೆ ಉಚಿತ ಕೀಲಿ ಸಿಗುತ್ತದೆ. ಇಂದು ಇಲ್ಲದ್ದು ಆರು ತಿಂಗಳ ನಂತರ ಬಂದರೂ ಬರಬಹುದು.